ಖುದ್ದಾಗಿ ಬನ್ನಿ, ಖರ್ಚು ಕೇಳಬೇಡಿ

ದೊಡ್ಡ ಕಂಪನಿಗಳಿಗೆ ನಮ್ಮಂಥ ಸಣ್ಣ ಗುತ್ತಿಗೆದಾರರ ಮೇಲೆ ಎಂಥ ನಂಬಿಕೆ ಅಂತೀರಿ! ಸರ್ವರ್ ಪಾಸ್‌ವರ್ಡ್ ಕೊಡುತ್ತಾರೆ, ಗ್ರಾಹಕರ ಪಟ್ಟಿ ಕೊಡುತ್ತಾರೆ, ಕೆಲಸ ತಡವಾದರೆ ಆಫೀಸಿನ ಬೀಗದ ಕೈಯನ್ನೂ ಕೊಟ್ಟು ಮನೆಗೆ ಹೋಗುತ್ತಾರೆ. ಟ್ಯಾಕ್ಸಿ ಬಾಡಿಗೆಯ ಚೀಟಿ ಮುಂದಿಟ್ಟಾಗ ಮಾತ್ರ ನಮ್ಮ ಮುಖ ಕಳ್ಳನ ಮುಖದ ಹಾಗೆ ಕಾಣತೊಡಗುತ್ತದೆ.

ಕರೆ ಬರುವುದು ಯಾವಾಗಲೂ ಒಂದೇ ಥರ. "ನಾಳೆ ಬೆಳಿಗ್ಗೆ ಬಂದುಬಿಡಿ ಸರ್, ತುಂಬಾ ಅರ್ಜೆಂಟು." ವಿಡಿಯೋ ಕಾಲ್‌ನಲ್ಲಿ ಮುಗಿಸಬಹುದಲ್ವಾ ಅಂದರೆ, "ಛೆ ಛೆ, ಎದುರು ಕೂತು ಮಾತಾಡಿದ್ರೇನೇ ಸರಿ." ನಾಳೆಗೇ ಬೇಕು ಅಂದರೆ ಟಿಕೆಟ್ ದುಬಾರಿ. ಹೋಗುತ್ತೇವೆ, ಕೆಲಸ ಮುಗಿಸುತ್ತೇವೆ, ಬಿಲ್ ಕಳಿಸುತ್ತೇವೆ. ಆಗ ಲೆಕ್ಕದ ವಿಭಾಗ ಕೇಳುತ್ತದೆ: "ಹದಿನೈದು ದಿನ ಮುಂಚೆ ಯಾಕೆ ಬುಕ್ ಮಾಡಲಿಲ್ಲ?" ಅವರ ಪ್ರಯಾಣ ನೀತಿಯಲ್ಲಿ ಹಾಗಿದೆಯಂತೆ. ಆ ನೀತಿಯ ಒಂದು ಪ್ರತಿಯನ್ನು ಕೆಟ್ಟು ನಿಂತ ಸರ್ವರ್‌ಗೂ ಕಳಿಸಿದ್ದರೆ, ಪಾಪ, ಅದೂ ಹದಿನೈದು ದಿನ ಮುಂಚೆ ಹೇಳಿ ಕೆಡುತ್ತಿತ್ತೇನೋ.

ಇನ್ನು ರಸೀದಿ. ಮೂಲ ಪ್ರತಿಯೇ ಬೇಕು, ಫೋಟೋ ನಡೆಯಲ್ಲ. ಟ್ಯಾಕ್ಸಿ, ಪಾರ್ಕಿಂಗ್‌ಗಳಲ್ಲಿ ಕೊಡುವ ಚೀಟಿ ಸಾಮಾನ್ಯವಾಗಿ ಥರ್ಮಲ್ ಕಾಗದ. ಅದರಲ್ಲಿ ಶಾಯಿಯೇ ಇರಲ್ಲ. ಯಂತ್ರದ ಬಿಸಿ ತಾಗಿದ ಕಡೆ ಕಾಗದದ ಲೇಪ ಕಪ್ಪಾಗುತ್ತದೆ, ಅಷ್ಟೆ. ಬಿಸಿಲಿಗೆ ಇಟ್ಟರೂ ಮಾಸುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದರೂ ಮಾಸುತ್ತದೆ. ಬಿಲ್ ಪಾಸಾಗಲು 90 ದಿನ ತಗೊಳ್ಳುವ ಕಂಪನಿಗಳು ಇಷ್ಟು ಸೂಕ್ಷ್ಮದ ಕಾಗದವನ್ನೇ ಸಾಕ್ಷಿಗೆ ಕೇಳುವುದರಲ್ಲಿ ಏನೋ ಮರ್ಮ ಇರಬೇಕು.

"ಸರ್, ನೀವು ಕಳಿಸಿದ್ದು ಖಾಲಿ ಕಾಗದ."

"ಮೇಡಂ, ಕಳಿಸುವಾಗ ಅಕ್ಷರ ಇತ್ತು. ನಿಮ್ಮ ಫೈಲಿನಲ್ಲಿ ಕೂತು ಕೂತು ಮಾಸಿದೆ."

"ಹಾಗಾದ್ರೆ ಇನ್ನೊಂದು ತಂದುಕೊಡಿ."

"ಎಲ್ಲಿಂದ ತರಲಿ?"

"ಅದೇ ಡ್ರೈವರ್ ಹತ್ರ ಕೇಳಿ ಸರ್."

ಇಷ್ಟಕ್ಕೂ ಆ ಬಾಡಿಗೆಗೆ ಮೂರು ಸಹಿ ಬೇಕು. ಒಬ್ಬರು ರಜೆಯಲ್ಲಿರುತ್ತಾರೆ, ಇನ್ನೊಬ್ಬರು ಟೂರ್‌ನಲ್ಲಿರುತ್ತಾರೆ (ಅವರ ಟಿಕೆಟ್ ಯಾರು ನೋಡುತ್ತಾರೋ). ಸಹಿ ಹಾಕುವವರ ಸಮಯಕ್ಕೆ ಬೆಲೆ ಕಟ್ಟಿದರೆ ಆ ದುಡ್ಡಿಗೆ ಅದೇ ಟ್ಯಾಕ್ಸಿಯನ್ನು ದಿನವಿಡೀ ಓಡಿಸಬಹುದಿತ್ತು.

ಟಿಕೆಟ್ ಮಾರುವವರು ದುಡ್ಡು ಇವತ್ತೇ ಕೇಳುತ್ತಾರೆ. ಕ್ರೆಡಿಟ್ ಕಾರ್ಡ್‌ನವರು ಮುಂದಿನ ತಿಂಗಳು ಕೇಳುತ್ತಾರೆ. ನಮ್ಮ ಗ್ರಾಹಕರು, ಅಂದರೆ ಈ ದೊಡ್ಡ ಕಂಪನಿಗಳು, ಕೊಡುವುದು ಮೂರನೇ ತಿಂಗಳು. ಅಲ್ಲಿಯವರೆಗೆ ಸಾವಿರಾರು ನೌಕರರಿರುವ ಕಂಪನಿಗೆ ಇಬ್ಬರೇ ಇರುವ ಕಂಪನಿ ಬಡ್ಡಿಯಿಲ್ಲದ ಸಾಲ ಕೊಟ್ಟು ಕೂತಿರುತ್ತದೆ. ಸಾಲ ಕೊಟ್ಟವರೇ ದಿನಾ ಫೋನ್ ಮಾಡಿ "ದಯವಿಟ್ಟು ನೋಡಿ ಸರ್" ಅನ್ನಬೇಕು.

ತೆರಿಗೆಯ ಕತೆ ಇನ್ನೂ ಚೆಂದ. ಮಾರಾಟದ ಮೇಲೆ ತೆರಿಗೆ ಹಾಕುವ ಬಹಳಷ್ಟು ದೇಶಗಳಲ್ಲಿ ನಿಯಮ ಹೆಚ್ಚುಕಡಿಮೆ ಒಂದೇ. ನಮ್ಮ ಕೆಲಸಕ್ಕೆ ಹೋಗಲು ನಾವು ಕೊಂಡ ಟಿಕೆಟ್ ನಮ್ಮ ಖರ್ಚು. ಅದನ್ನು ಗ್ರಾಹಕರಿಂದ ವಸೂಲಿ ಮಾಡಿದರೆ ಅದು ನಮ್ಮ ಸೇವೆಯ ಬೆಲೆಯೊಳಗೇ ಸೇರುತ್ತದೆ. ಗ್ರಾಹಕರ ಪರವಾಗಿ, ಅವರಿಗೇ ಸೇರಿದ ಬಿಲ್ಲನ್ನು ಕಟ್ಟಿದ್ದರೆ ಮಾತ್ರ ಬೇರೆ ಮಾತು. ಹಾಗಾಗಿ ನಿನ್ನೆ ಬರೀ ರೈಲು ಟಿಕೆಟ್ ಆಗಿದ್ದದ್ದು ಇವತ್ತು ನಮ್ಮ ಬಿಲ್ಲಿನಲ್ಲಿ ತಜ್ಞ ಸಲಹೆಯಾಗಿ, ಸಲಹೆಯ ತೆರಿಗೆಯನ್ನೇ ತಲೆಮೇಲೆ ಹೊತ್ತು ನಿಲ್ಲುತ್ತದೆ. ಗ್ರಾಹಕರು ಹುಬ್ಬೇರಿಸುತ್ತಾರೆ: "ಟಿಕೆಟ್‌ನಲ್ಲೂ ಲಾಭ ಮಾಡ್ಕೊಳ್ತೀರಾ?"

ಪ್ರಯಾಣದ ಗಂಟೆಗಳ ಮಾತು ಎತ್ತುವ ಹಾಗೇ ಇಲ್ಲ. "ಸುಮ್ನೆ ಕೂತ್ಕೊಂಡು ಬಂದ್ರಿ ತಾನೇ?" ಅನ್ನುತ್ತಾರೆ. ದಾರಿಯುದ್ದಕ್ಕೂ ಫೋನ್ ಮಾಡಿ ಕೆಲಸ ಮಾಡಿಸಿಕೊಂಡವರೂ ಇವರೇ.

ಈ ಗೋಳಿಗೆ ಹಳೇ ಗುತ್ತಿಗೆದಾರರು ಒಂದು ಉಪಾಯ ಹೇಳಿಕೊಡುತ್ತಾರೆ. ಪ್ರಯಾಣ ಅನ್ನುವ ಸಾಲನ್ನೇ ಅಳಿಸಿಬಿಡಿ, ಅದೇ ದುಡ್ಡನ್ನು ದಿನದ ದರಕ್ಕೆ ಸೇರಿಸಿ. ಮಾಡಿ ನೋಡಿ, ಪವಾಡ. ರಸೀದಿ ಬೇಡ, ಮೂರು ಸಹಿ ಬೇಡ, ಡ್ರೈವರನ್ನು ಹುಡುಕುವುದೂ ಬೇಡ. ಟ್ಯಾಕ್ಸಿ ಚೀಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ ಕೈ, ದರ ಏರಿದ ಕೊಟೇಶನ್‌ಗೆ ಮರುಮಾತಿಲ್ಲದೆ ಸಹಿ ಹಾಕುತ್ತದೆ. ದರ ಜಾಸ್ತಿಯಾಯಿತು ಅಂದರೆ ಅನುಭವಸ್ಥರು ಅಂತ ಅರ್ಥವಂತೆ. ಖರೀದಿ ವಿಭಾಗದವರು ಈ ವರ್ಷ ಗುತ್ತಿಗೆದಾರರ ಪ್ರಯಾಣ ವೆಚ್ಚ ಸೊನ್ನೆ ಅಂತ ಮೇಲಿನವರಿಗೆ ವರದಿ ಕೊಟ್ಟು ಶಭಾಷ್ ಅನ್ನಿಸಿಕೊಳ್ಳುತ್ತಾರೆ.

ಆ ವರದಿ ಓದಿದ ಮ್ಯಾನೇಜರ್ ಮರುದಿನವೇ ಫೋನ್ ಮಾಡಿದರು. "ಸರ್, ಈಗ ಹೇಗೂ ನೀವು ಬರೋದಕ್ಕೆ ನಮಗೆ ಖರ್ಚಿಲ್ಲ. ಇನ್ಮೇಲೆ ಪ್ರತಿ ಸೋಮವಾರ ಒಂದರ್ಧ ಗಂಟೆ ಬಂದು ಹೋಗಿ."