ದೊಡ್ಡಪ್ಪನ ಹಿಟ್ಲರ್

"ದೇಶಕ್ಕೊಬ್ಬ ಹಿಟ್ಲರ್ ಬರ್ಬೇಕು ಕಣಪ, ಆಗ ಎಲ್ಲಾ ನೆಟ್ಟಗಾಗ್ತಾರೆ."

ಮೊನ್ನೆ ಸಂಜೆ ಮಂಡಕ್ಕಿ ಅಂಗಡಿಯಲ್ಲಿ ಮಿರ್ಚಿ ಮುರಿಯುತ್ತಾ ದೊಡ್ಡಪ್ಪ ಹೇಳಿದ್ದು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲಕ್ಕೆ ಬಟ್ಟೆ ಮಿಲ್ಲಿನಲ್ಲಿ ಪಾಳಿ ಮಾಡಿದವರು, ಯೂನಿಯನ್ ಬಾವುಟ ಹಿಡಿದವರು. ಮಿಲ್ ಮುಚ್ಚಿದ ದಿನದಿಂದ ಸಿಟ್ಟು ಇಳಿದೇ ಇಲ್ಲ. ಆ ಸಿಟ್ಟು ತಪ್ಪು ಅಂತ ನಾನು ಅನ್ನಲಾರೆ. ನನ್ನ ತಕರಾರು ಹಿಟ್ಲರನ ಬಗ್ಗೆ.

ಜರ್ಮನಿ ಅಂದರೆ ಎಲ್ಲರೂ 1923ರ ಹಣದುಬ್ಬರದ ಕಥೆ ಹೇಳುತ್ತಾರೆ, ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆದದ್ದು. ಆದರೆ ಅದೆಲ್ಲ ತಣ್ಣಗಾದ ಮೇಲೆ, 1928ರ ಚುನಾವಣೆಯಲ್ಲಿ, ಹಿಟ್ಲರನ ಪಕ್ಷದವರಾದ ನಾಜಿಗಳಿಗೆ ಬಿದ್ದದ್ದು ಶೇ. 2.6 ಮತ. ನಮ್ಮ ಕಡೆಯಾದರೆ ಠೇವಣಿ ಹೋಯ್ತು ಅಂತಿದ್ವಿ. 1929ರಲ್ಲಿ ನ್ಯೂಯಾರ್ಕಿನ ಷೇರುಪೇಟೆ ಬಿತ್ತು, ಅಮೆರಿಕದ ಸಾಲ ನಿಂತಿತು, 1932ರ ಆರಂಭಕ್ಕೆ ಸುಮಾರು 60 ಲಕ್ಷ ಜನಕ್ಕೆ ಕೆಲಸವಿಲ್ಲ. ಚಾನ್ಸಲರ್, ಅಂದರೆ ಅಲ್ಲಿಯ ಪ್ರಧಾನಿ, ಬ್ರೂನಿಂಗ್ ಇದ್ದ ಸಂಬಳ, ಭತ್ಯೆಗೂ ಕತ್ತರಿ ಹಾಕಿದ. ಸಂಸತ್ತು ಒಪ್ಪಲಿಲ್ಲವೋ, ಸಂವಿಧಾನದ 48ನೇ ವಿಧಿ ಹಿಡಿದು ಅಧ್ಯಕ್ಷ ಹಿಂಡೆನ್‌ಬರ್ಗ್ ರುಜುವಿನಲ್ಲಿ ಸುಗ್ರೀವಾಜ್ಞೆ. ಸಂಸತ್ತನ್ನು ಮೂಲೆಗೆ ಕೂರಿಸುವ ಅಭ್ಯಾಸ ಹಿಟ್ಲರ್ ಬರುವ ಮೊದಲೇ ಆಗಿಹೋಗಿತ್ತು.

ಇನ್ನೊಂದು ಸಂಗತಿ ನನಗೆ ಇವತ್ತಿಗೂ ನುಂಗಲಾಗದ್ದು. 1932ರ ಜುಲೈಯಲ್ಲಿ ಶೇ. 37.3 ಇದ್ದ ನಾಜಿ ಮತ ನವೆಂಬರಿಗೆ 33.1ಕ್ಕೆ ಇಳಿದಿತ್ತು, ನಾಲ್ಕೇ ತಿಂಗಳಲ್ಲಿ 20 ಲಕ್ಷ ಮತ ಖೋತಾ. ಬಹುಮತ ಹಿಟ್ಲರನಿಗೆ ಯಾವತ್ತೂ ಸಿಕ್ಕಿರಲಿಲ್ಲ. ಇಳಿಮುಖವಾಗಿದ್ದವನನ್ನು ಎತ್ತಿ ಚಾನ್ಸಲರ್ ಕುರ್ಚಿಯಲ್ಲಿ ಕೂರಿಸಿದ್ದು ಮಾಜಿ ಚಾನ್ಸಲರ್ ಪಾಪೆನ್ ಮತ್ತು ಅವನ ದೊಡ್ಡಮನುಷ್ಯರ ಬಳಗ. 1933ರ ಜನವರಿ 30ರ ಸಂಪುಟದಲ್ಲಿ ಹಿಟ್ಲರನೂ ಸೇರಿ ನಾಜಿಗಳು ಮೂವರೇ. ಉಳಿದವರು ನಮ್ಮವರು, ಹೇಳಿದಂಗೆ ಕೇಳಿಕೊಂಡಿರ್ತಾನೆ ಅನ್ನುವ ಲೆಕ್ಕ. ನಮ್ಮ ದುರ್ಗದ ಕೋಟೆಗೆ ಹೈದರನ ಸೈನಿಕರು ಕಿಂಡಿಯಲ್ಲಿ ನುಸುಳಬೇಕಾಯಿತು, ಒಳಗೆ ಒನಕೆ ಕಾಯುತ್ತಿತ್ತು. ಬರ್ಲಿನ್ನಿನಲ್ಲಿ ಕಾವಲಿನವರೇ ಹೆಬ್ಬಾಗಿಲು ತೆಗೆದರು. ಮಾರ್ಚ್ 23ಕ್ಕೆ ಸಂಸತ್ತು ತನ್ನ ಅಧಿಕಾರವನ್ನು ತಾನೇ ಬರೆದುಕೊಟ್ಟಿತು, 444 ಮತಗಳಿಂದ. ಬೇಡ ಅಂದವರು 94 ಸೋಷಿಯಲ್ ಡೆಮಾಕ್ರಾಟರು ಮಾತ್ರ. ಕಮ್ಯುನಿಸ್ಟರನ್ನು ಒಳಗೇ ಬಿಟ್ಟಿರಲಿಲ್ಲ.

ಇಷ್ಟೆಲ್ಲ ಅಂಗಡಿಯಲ್ಲಿ ಹೇಳಲಿಕ್ಕಾಗುತ್ತಾ? ಯೂನಿಯನ್ ಮಾತೊಂದನ್ನೇ ಎತ್ತಿದೆ. "ದೊಡ್ಡಪ್ಪ, ಅವನು ಮೇ 1ಕ್ಕೆ ದೇಶಕ್ಕೆಲ್ಲ ರಜಾ ಕೊಟ್ಟ. ಮಾರನೇ ದಿನ ಯೂನಿಯನ್ ಆಫೀಸುಗಳಿಗೆಲ್ಲ ನುಗ್ಗಿ ಮುಖಂಡರನ್ನ ಹಿಡ್ಕೊಂಡು ಹೋದ್ರು."

ದೊಡ್ಡಪ್ಪ ಬಾಯಲ್ಲಿದ್ದ ಮಂಡಕ್ಕಿ ನುಂಗಿ ಕೇಳಿದರು, "ರಜಕ್ಕೆ ಸಂಬಳ ಕೊಟ್ಟಿದ್ನಾ?"

ಕೊಟ್ಟಿದ್ದ.