ಕ್ಷುದ್ರಗ್ರಹದ ಹೆಸರು ಮಾರಾಟಕ್ಕಿಲ್ಲ

ಉಡುಪಿಯ ನಮ್ಮ ವಾಟ್ಸಾಪ್ ಗುಂಪಲ್ಲಿ ಎರಡು ದಿನದಿಂದ ಒಂದು ಸಂದೇಶ ಓಡಾಡುತ್ತಿದೆ: 5,000 ರೂಪಾಯಿ ಕಟ್ಟಿದರೆ ನಾಸಾದವರು ಕ್ಷುದ್ರಗ್ರಹವೊಂದಕ್ಕೆ ನಿಮ್ಮ ಮಗುವಿನ ಹೆಸರಿಡುತ್ತಾರಂತೆ. ಜೊತೆಗೆ ಬಂಗಾರದ ಅಂಚಿನ ಸರ್ಟಿಫಿಕೇಟಿನ ಫೋಟೊ. ನೋಡಲು ಚಂದ ಉಂಟು, ಆದರೆ ಸುಳ್ಳು ಮಾರಾಯ್ರೆ.

ಹೆಸರು ಅಂತಿಮಗೊಳಿಸುವುದು ನಾಸಾ ಅಲ್ಲ, ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿ. ಅಲ್ಲಿ ದುಡ್ಡು ನಡೆಯುವುದಿಲ್ಲ. ಹೊಸ ಕಾಯ ಕಂಡಾಗ ಮೊದಲು ಸಿಗುವುದು ತಾತ್ಕಾಲಿಕ ಗುರುತು; ಕಕ್ಷೆ ಖಚಿತವಾದ ಮೇಲೆ ಸಂಖ್ಯೆ. ಅಲ್ಲಿಂದ 10 ವರ್ಷ ಹೆಸರು ಸೂಚಿಸುವ ಹಕ್ಕು ಕಂಡುಹಿಡಿದವರದ್ದು. ಇಂಗ್ಲಿಷ್ ಲಿಪಿಯಲ್ಲಿ 16 ಅಕ್ಷರ ಮೀರಬಾರದು. ರಾಜಕಾರಣಿಯಾದರೆ ಸತ್ತು 100 ವರ್ಷ ಕಾಯಬೇಕು. (ಈ ನಿಯಮ ನಮ್ಮ ಸರ್ಕಲ್‌ಗಳಿಗೂ ಇದ್ದಿದ್ದರೆ!)

1801ರಲ್ಲಿ ಮೊದಲು ಸಿಕ್ಕಿದ್ದು ಸೆರೆಸ್, ಅದು ರೋಮನ್ನರ ಬೆಳೆಯ ದೇವತೆಯ ಹೆಸರು. 4538ನೆಯದು ಚೆಸ್‌ನ ವಿಶ್ವನಾಥನ್ ಆನಂದ್ ಹೆಸರಲ್ಲಿದೆ. ಸಂಗೀತಗಾರ ಪಂಡಿತ್ ಜಸ್‌ರಾಜರದ್ದು 300128. ಬಿಡಿಸಿ ಓದಿ: 30-01-28. ಅವರು ಹುಟ್ಟಿದ್ದು 1930ರ ಜನವರಿ 28. ಅಂತರರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಗೆದ್ದ ವಿದ್ಯಾರ್ಥಿಗಳ ಹೆಸರೂ ಪಟ್ಟಿಯಲ್ಲಿವೆ, ಅದು ಗೌರವಕ್ಕೆ ಕೊಟ್ಟದ್ದು.

ಈಗಾಗಲೇ ಹಣ ಕಳಿಸಿದವರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಬೇಗ ಕರೆ ಮಾಡಿ.