ಚಿಂಪಾಂಜಿಯೂ ಟ್ರೆಂಡೂ

ಕಾದಂಬರಿ ಈ ವರ್ಷವೂ ಸತ್ತಿತಂತೆ. ವರ್ಷದ ಕೊನೆಯ ಆ ಚರ್ಚೆ ನೀವೂ ನೋಡಿರ್ತೀರಿ. ನಾಲ್ವರು ವಿಮರ್ಶಕರು, ನಾಲ್ಕು ಮೈಕು, ಬೆನ್ನ ಹಿಂದೆ ಪುಸ್ತಕದ ಕಪಾಟು. ಒಬ್ಬರು ಕಾದಂಬರಿಗೆ ಎಳ್ಳುನೀರು ಬಿಟ್ಟರು. ಇನ್ನೊಬ್ಬರು ಚಿತ್ರಕಲೆಯ ನಾಡಿ ಹಿಡಿದು ತಲೆ ಅಲ್ಲಾಡಿಸಿದರು. ಪಾಪ, 1839ರಲ್ಲಿ ಫೋಟೋಗ್ರಫಿ ಬಂದ ದಿನದಿಂದ ಅದು ಸಾಯ್ತಾನೇ ಇದೆ.

ಇವರು ಕೈಬಿಟ್ಟ ರೋಗಿಗಳ ಆಯುಷ್ಯ ಮಾತ್ರ ಗಟ್ಟಿ. ಗ್ರಾಮಫೋನಿನ ಎಲ್‌ಪಿ ರೆಕಾರ್ಡ್‌ಗಳ ಕಥೆ ಮುಗೀತು ಅಂತ ಎಷ್ಟು ಜನ ಬರೆದರು! 2022ರಲ್ಲಿ ಅಮೆರಿಕದಲ್ಲಿ ಅವು ಸಿಡಿಗಳಿಗಿಂತ ಜಾಸ್ತಿ ಮಾರಾಟವಾದವು, 1987ರ ನಂತರ ಮೊದಲ ಸಲ. ಕೂಡಲೇ ಅದೇ ಬಳಗ 'ಮರಳಿ ಬಂದ ಮೋಹ' ಅಂತ ಲೇಖನ ಬರೆಯಿತು. ಹೆಣ ಎದ್ದು ಕೂತರೂ ಇವರ ಸಂಭಾವನೆಗೆ ಮೋಸವಿಲ್ಲ.

ಟ್ರೆಂಡ್ ಪತ್ತೆ ಮಾಡೋದು ಕಷ್ಟದ ಕೆಲಸವೇನಲ್ಲ. ಎರಡು ಸಿನಿಮಾ ಪೋಸ್ಟರಿನಲ್ಲಿ ನಾಯಕನಿಗೆ ಗಡ್ಡ ಇದ್ದರೆ ಅದು ಹೊಸ ಅಲೆ. ಮೂರನೆಯದರಲ್ಲೂ ಇದ್ದರೆ ಅಲೆ ಸವಕಲಾಯಿತು. ನಾಲ್ಕನೆಯವನು ಗಡ್ಡ ಬೋಳಿಸಿಕೊಂಡನೋ, 'ಗಡ್ಡೋತ್ತರ ಕಾಲಘಟ್ಟ'ದ ಬಗ್ಗೆ ವಿಚಾರ ಸಂಕಿರಣ.

1964ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನಡೆದ ಒಂದು ಪ್ರದರ್ಶನದಲ್ಲಿ ಪಿಯೆರ್ ಬ್ರಾಸೋ ಎಂಬ ಹೊಸ ಫ್ರೆಂಚ್ ಕಲಾವಿದನ ಚಿತ್ರಗಳಿದ್ದವು. ವಿಮರ್ಶಕರೊಬ್ಬರು ಮೆಚ್ಚಿ ಬರೆದರು: ಕುಂಚದಲ್ಲಿ ಕಸುವಿದೆ, ಜೊತೆಗೆ ಬ್ಯಾಲೆ ನರ್ತಕನ ನಾಜೂಕೂ ಇದೆ ಅಂತ. ಆಮೇಲೆ ಗೊತ್ತಾಯಿತು, ಬ್ರಾಸೋ ಅನ್ನೋನು ಮೃಗಾಲಯದ ಚಿಂಪಾಂಜಿ. ಹೆಸರು ಪೀಟರ್. ವಿಮರ್ಶಕರನ್ನು ಪರೀಕ್ಷಿಸಬೇಕು ಅಂತ ಒಬ್ಬ ಪತ್ರಕರ್ತ ಹೂಡಿದ ಆಟ ಅದು. ಆತ ಮೃಗಾಲಯದವರ ಮೂಲಕ ಪೀಟರನಿಗೆ ಬಣ್ಣ, ಕುಂಚ ಕೊಡಿಸಿದ್ದ. ಪೀಟರ್ ಮೊದಮೊದಲು ಬಣ್ಣ ಬಳಿದದ್ದಕ್ಕಿಂತ ತಿಂದದ್ದೇ ಜಾಸ್ತಿ. ಇಷ್ಟೆಲ್ಲ ಬಯಲಾದ ಮೇಲೂ ಆ ವಿಮರ್ಶಕರು ಜಗ್ಗಲಿಲ್ಲ. ಏನೇ ಆಗಲಿ, ಆ ಪ್ರದರ್ಶನದಲ್ಲಿ ಚೆನ್ನಾಗಿದ್ದದ್ದು ಅದೇ ಚಿತ್ರ ಅಂದುಬಿಟ್ಟರು. (ಉಳಿದ ಕಲಾವಿದರಿಗೆ ಆ ರಾತ್ರಿ ಹೇಗೆ ನಿದ್ದೆ ಬಂತೋ.)

ಎಲ್ಲರೂ ಇವತ್ತಿಗೂ ಆ ವಿಮರ್ಶಕರನ್ನು ನೆನೆದು ನಗುತ್ತಾರೆ. ನನಗೆ ಮಾತ್ರ ಅವರ ಮೇಲೆ ಗೌರವ. ಯಾಕಂದ್ರೆ ಆ ಮನುಷ್ಯ ಚಿತ್ರದ ಮುಂದೆ ನಿಂತು, ಬಣ್ಣ ಹೇಗೆ ಬಿದ್ದಿದೆ ಅಂತ ನೋಡಿದ್ದರು. ನಮ್ಮ ನಾಲ್ವರಾಗಿದ್ದರೆ ಚಿತ್ರದ ಕಡೆ ತಿರುಗಿಯೂ ನೋಡದೆ 'ವಾನರ ಸಂವೇದನೆಯ ಉದಯ' ಅಂತ ಘೋಷಿಸಿ ಊಟಕ್ಕೆ ಹೋಗುತ್ತಿದ್ದರು.

ಆ ನಾಲ್ವರ ಒಂದು ಗಂಟೆಯ ಚರ್ಚೆಯಲ್ಲಿ ಯಾರಾದರೂ ಒಂದು ಕಾದಂಬರಿಯ ಒಂದು ಪುಟ ಓದಿ ತೋರಿಸಿದರಾ? ಒಂದು ಹಾಡಿನಲ್ಲಿ ಗಾಯಕಿ ಎಲ್ಲಿ ಉಸಿರು ತಗೊಂಡಳು, ಯಾಕೆ ಅಲ್ಲೇ ತಗೊಂಡಳು ಅಂತ ಹೇಳಿದರಾ? ಇಲ್ಲ. ಬರೀ ಅಲೆ, ಘಟ್ಟ, ಪರ್ವ, ಅಂತ್ಯ. ಯಾರೋ ವರ್ಷಗಟ್ಟಲೆ ರಾತ್ರಿ ಕೂತು ಬರೆದಿರುತ್ತಾರೆ. ಅದು ಕೆಟ್ಟದಾಗಿದ್ದರೆ ಕೆಟ್ಟದಾಗಿದೆ ಅನ್ನಿ, ಎಲ್ಲಿ ಕೆಟ್ಟಿತು ಅಂತ ತೋರಿಸಿ. ಬೈಸಿಕೊಳ್ಳೋಕೂ ಅವರಿಗೆ ಹಕ್ಕಿದೆ. ಓದದೇ, ನೋಡದೇ, ಟ್ರೆಂಡಿನ ಪಟ್ಟಿಯಲ್ಲಿ ಒಂದು ಹೆಸರಾಗಿ ತುರುಕಬೇಡಿ. ಸಾಕಾಗಿದೆ ಕೇಳಿ ಕೇಳಿ.

ಮುಂದಿನ ಚರ್ಚೆಯ ವಿಷಯವೂ ಪ್ರಕಟವಾಗಿದೆ: 'ವಿಮರ್ಶೆಗೆ ಓದುಗರು ಯಾಕಿಲ್ಲ?' ಮಾತಾಡೋರು ಅದೇ ನಾಲ್ವರು.